ಫ್ರಿಜ್ಜಿನಲ್ಲಿ ಲುಂಗಿ

ನನ್ನ ಹೆಂಡತಿಯ ತವರು ಎಡಪ್ಪಾಡಿ. ಮನೆಯೊಳಗೆ ದೇವಾಂಗರ ಕನ್ನಡ, ಬೀದಿಯಲ್ಲಿ ತಮಿಳು, ಎರಡನ್ನೂ ಮುಳುಗಿಸುವ ಪವರ್‌ಲೂಮಿನ ಟಕಟಕ. ಕಳೆದ ಸಲ ಹೋದಾಗ, ಹಡಗಿನಲ್ಲಿ ಕೆಲಸ ಮಾಡುವ ಭಾವಮೈದುನ ಗುಟ್ಟಾಗಿ ಒಂದು ಬಾಟಲಿ ಕೈಗಿಟ್ಟ. ಗ್ರೀಸಿನ ಬಿಳಿ ವೈನು, ರೆಟ್ಸಿನಾ. 'ತಣ್ಣಗಿರ್ಬೇಕು ಭಾವಾ, ಸರಿಯಾದ್ದನ್ನ ನಂಚಿಕೊಂಡು ಕುಡೀಬೇಕು' ಅಂದ. ಸರಿಯಾದ್ದು ಯಾವುದು ಅಂತ ಹೇಳದೆ ಹಡಗು ಹತ್ತಿದ.

ಅತ್ತೆಯ ಫ್ರಿಜ್ಜಿನಲ್ಲಿ ದೋಸೆಹಿಟ್ಟು, ಮೊಸರು, ನಾಳೆಯ ಪೂಜೆಗೆ ಕನಕಾಂಬರ. ಬಾಟಲಿಯನ್ನು ಲುಂಗಿಯಲ್ಲಿ ಸುತ್ತಿ ಹಿಟ್ಟಿನ ಪಾತ್ರೆಯ ಹಿಂದೆ ಮಲಗಿಸಿದೆ. ಮಧ್ಯಾಹ್ನ ಅಡುಗೆಮನೆಯಿಂದ ಕೂಗು: 'ಮಾಪಿಳ್ಳೆ, ನಿಮ್ಮ ಲುಂಗಿ ಫ್ರಿಜ್ಜಲ್ಲಿ ಯಾಕೈತೆ?'

'ಸೆಕೆ ಅತ್ತೆ' ಅಂದೆ. ಸೇಲಂ ಸೀಮೆಯಲ್ಲಿ ಈ ಉತ್ತರ ನಡೆಯುತ್ತದೆ.

ರಾತ್ರಿ ತಾರಸಿಗೆ ಹತ್ತುವ ಮುಂಚೆ ಒಂದು ತಪ್ಪು ಮಾಡಿದೆ. ಎಡಪ್ಪಾಡಿಯ ಭಕ್ತರು ತೈಪೂಸ ಕಳೆದ ಮೇಲೆ ಪಳನಿಗೆ ಕಾವಡಿ ಹೊತ್ತು ಹೋಗಿ, ಟನ್‌ಗಟ್ಟಲೆ ಪಂಚಾಮೃತ ಕಲಸಿ, ಬೆಟ್ಟದ ಮೇಲೇ ಒಂದು ರಾತ್ರಿ ಕಳೆದು ಬರುತ್ತಾರೆ. ಪಕ್ಕದ ಮನೆಯವರು ಕೊಟ್ಟ ಆ ಪ್ರಸಾದ ಬಾಯಲ್ಲಿರುವಾಗಲೇ ಮೊದಲ ಗುಟುಕು ಹಾಕಿದೆ. ಹಸಿ ಹುಣಸೆಕಾಯಿ ಕಚ್ಚಿದ ಹಾಗಾಯಿತು. ಬಾಳೆಹಣ್ಣು ಬೆಲ್ಲದ ಸಿಹಿ ತಿಂದ ನಾಲಗೆಗೆ ಸಿಹಿಯಿಲ್ಲದ ವೈನು ಬರೀ ಹುಳಿ. ಇದು ರುಚಿಶಾಸ್ತ್ರ, ನನಗೆ ಮಾತ್ರ ಪಳನಿಯಾಂಡವನೇ ಕಪಾಳಕ್ಕೆ ಕೊಟ್ಟಂತಿತ್ತು.

ಅಷ್ಟರಲ್ಲಿ ಮೆಟ್ಟಿಲಿಂದ ಅತ್ತೆಯ ದನಿ: 'ಈ ಹೊತ್ತಲ್ಲಿ ಯಾರು ಸಾಂಬ್ರಾಣಿ ಹಾಕಿದ್ದು?' ಅವರ ಮೂಗಿನದೇನೂ ತಪ್ಪಿಲ್ಲ. ಹಿಂದೆ ಗ್ರೀಕರು ವೈನಿನ ಜಾಡಿಗೆ ಪೈನ್ ಮರದ ಅಂಟು ಬಳಿಯುತ್ತಿದ್ದರು. ಜಾಡಿ ಹೋದರೂ ವಾಸನೆಯ ಚಟ ಹೋಗಲಿಲ್ಲ, ಈಗಲೂ ಹುದುಗುವಾಗ ಅಂಟು ಹಾಕುತ್ತಾರೆ. ಸಾಂಬ್ರಾಣಿಯೂ ಮರದ ಅಂಟೇ ತಾನೆ?

ಇದಕ್ಕೆ ಹುರಿದ ಮೀನು ಹೊಂದುತ್ತದಂತೆ. ಪೂಲಾಂಪಟ್ಟಿಯ ಕಾವೇರಿ ಹತ್ತಿರವೇ ಇದೆ, ಆದರೆ ಅವತ್ತು ಶುಕ್ರವಾರ. ಮೂಲೆಯ ಗಾಡಿಯಿಂದ ತಟ್ಟುವಡೆ ಸೆಟ್ ತಂದೆ. ಸೇಲಂನವರ ಹೆಮ್ಮೆ ಅದು: ಎರಡು ಗರಿಗರಿ ತಟ್ಟುವಡೆ, ನಡುವೆ ತುರಿದ ಕ್ಯಾರೆಟ್ಟು ಬೀಟ್‌ರೂಟು, ಒಂದು ಹಸಿರು ಚಟ್ನಿ, ಒಂದು ಕೆಂಪು. ಇಡಿಯಾಗಿ ಬಾಯಿಗೆ ತುರುಕಿದರೆ ಕರುಂ ಅಂದು ಒಡೆದು, ಬೀಟ್‌ರೂಟಿನ ರಸ ಗಲ್ಲಕ್ಕಿಳಿಯುತ್ತದೆ. ಮೇಲೊಂದು ಗುಟುಕು. ಎಣ್ಣೆಯ ಜಿಡ್ಡನ್ನು ಹುಳಿ ತೊಳೆಯಿತು, ಉಪ್ಪಿಗೆ ಹುಳಿ ಹಿತವಾಯಿತು, ಪುದೀನದ ಪಕ್ಕ ಪೈನಿನ ಘಾಟೂ ಸಭ್ಯವಾಯಿತು. ಕೆಂಪು ಚಟ್ನಿ ಮಾತ್ರ ವೈನು ಬಿದ್ದೊಡನೆ ಇನ್ನಷ್ಟು ಉರಿಯಿತು. ಎರಡನೇ ಸೆಟ್ಟಿಗೆ ಹಸಿರೊಂದೇ ಸಾಕೆಂದೆ.

ತಮಿಳು ನೆಲಕ್ಕೆ ಈ ಗ್ರೀಸಿನ ಸರಕು ಹೊಸದೇನಲ್ಲ. ಪುದುಚೇರಿ ಪಕ್ಕದ ಅರಿಕಮೇಡಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಯವನರ ವೈನ್ ಜಾಡಿಗಳ ಚೂರುಗಳು ಸಿಕ್ಕವು. ಗ್ರೀಸಿನ ಕೋಸ್ ದ್ವೀಪದ ಮಾದರಿಯವೂ ಅಲ್ಲಿವೆ. ಕೋಸಿನವರು ವೈನಿಗೆ ಸಮುದ್ರದ ನೀರನ್ನೇ ಬೆರೆಸುತ್ತಿದ್ದ ಜನ. ಅದನ್ನು ಕುಡಿದವರು ಏನು ನಂಚಿಕೊಂಡರೋ, ಮಡಕೆಚೂರು ಬಾಯಿಬಿಡುವುದಿಲ್ಲ. ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲಕ್ಕೆ, ಹಾಗಾಗಿ ತಟ್ಟುವಡೆ ಸೆಟ್ಟಂತೂ ಅಲ್ಲ. ಪಾಪ ಅನಿಸಿತು.

ಬೆಳಿಗ್ಗೆ ಅತ್ತೆ ಏನೂ ಕೇಳಲಿಲ್ಲ. ಖಾಲಿ ಬಾಟಲಿ ತೊಳೆದು ಎಳ್ಳೆಣ್ಣೆ ತುಂಬಿಟ್ಟರು. ತಿಂಡಿಗೆ ಇಡ್ಲಿಪುಡಿಯ ಮೇಲೆ ಅದೇ ಎಣ್ಣೆ. ಮಾವ ಒಂದು ತುಂಡು ಅದ್ದಿ ಬಾಯಿಗಿಟ್ಟು, 'ಎಣ್ಣೆ ಏನೋ ಗಮ್ಮಂತೈತೆ, ದೇವರಮನೆ ಥರ' ಅಂದು ಇನ್ನೆರಡು ಇಡ್ಲಿ ಹಾಕಿಸಿಕೊಂಡರು.