ಮಾಳಿಗೆ ಗೌಡರ ಒಂದು ಗುಂಟೆ

ಬೆಳಗ್ಗೆ ಆರು ಗಂಟೆಗೆ ನಮ್ಮ ಬೀದಿಯಲ್ಲಿ ಹಾಲಿನವನ ಗಂಟೆಗಿಂತ ಮೊದಲು ಕೇಳಿಸುವುದು ಎದುರು ಮನೆಯ ತಾರಸಿಯ ಗದರಿಕೆ. "ಯಾರ್ಲಾ ಅದು, ಪೈಪ್ ತುಳಿದಿರೋನು?" ತುಳಿದವನು ಯಾವನೂ ಇಲ್ಲ. ನೀರು ಹಾಯಿಸುತ್ತ ಹಾಯಿಸುತ್ತ ಗೌಡರೇ ಪೈಪಿನ ಮೇಲೆ ನಿಂತುಬಿಟ್ಟಿರುತ್ತಾರೆ. ಕಾಲು ತೆಗೆದ ಕೂಡಲೇ ನೀರು ಬರುತ್ತದೆ. "ಹಾಂ, ಹಂಗ್ ಬಾ ದಾರಿಗೆ" ಎಂದು ಯಾರಿಗೋ ಬುದ್ಧಿ ಕಲಿಸಿದ ತೃಪ್ತಿಯಲ್ಲಿ ಬದನೆ ಗಿಡದ ಕಡೆ ನಡೆಯುತ್ತಾರೆ.

ಇವರಿಗೆ ಹೆತ್ತವರು ಇಟ್ಟ ಹೆಸರೊಂದಿದೆ, ಅದು ಪಿಂಚಣಿ ಪುಸ್ತಕದಲ್ಲಿ ಸುಖವಾಗಿದೆ. ಸ್ವರ್ಣಸಂದ್ರದ ನಮಗೆಲ್ಲ ಅವರು ಮಾಳಿಗೆ ಗೌಡರು. ಈ ತಳಿ ಈಗ ಮಂಡ್ಯದ ಬಡಾವಣೆಗೊಂದರಂತೆ ಸಿಗುತ್ತದೆ. ವಿ.ಸಿ. ಫಾರಂನವರು ಬಿಡುಗಡೆ ಮಾಡಿದ ತಳಿಯಲ್ಲ, ತಾನಾಗಿ ಮೊಳೆತದ್ದು. ಲಕ್ಷಣ ಹೇಳುತ್ತೇನೆ: ಹುಟ್ಟಿದ್ದು ಮಳವಳ್ಳಿ ಕಡೆಯ ಹಳ್ಳಿ, ಹೆಣ್ಣು ತಂದದ್ದು ಮದ್ದೂರು ಕಡೆಯಿಂದ, ಮನೆ ಕಟ್ಟಿದ್ದು ಮಂಡ್ಯದಲ್ಲಿ, ನೌಕರಿ ಯಾವುದೋ ಇಲಾಖೆಯಲ್ಲಿ. ನಿವೃತ್ತಿಯಾದ ಮಾರನೆಯ ದಿನ ಒಳಗೆ ಮಲಗಿದ್ದ ರೈತ ಮೈಮುರಿದು ಎದ್ದು ಕೂರುತ್ತಾನೆ, "ನನ್ನ ಎಮ್ಮೆ ಎಲ್ಲಿ?" ಅಂತ.

ಗೌಡರನ್ನು ಅವರಪ್ಪ ಓದಿಸಿದ್ದೇ ಕೆಸರಿನಿಂದ ಮೇಲೆತ್ತಲು. ಗೌಡರೂ ಅಪ್ಪನ ಮಾತಿಗೆ ತಪ್ಪಿದವರಲ್ಲ. ಸರ್ವೀಸಿನಲ್ಲಿದ್ದಷ್ಟು ಕಾಲ ಊರಿಗೆ ಹೋದಾಗೆಲ್ಲ ಪ್ಯಾಂಟು ಮಡಚಿ, ಷೂ ಕೈಯಲ್ಲಿ ಹಿಡಿದು, ಗದ್ದೆ ಬದುವಿನ ಮೇಲೆ ದೊಂಬರ ಹುಡುಗನ ಹಾಗೆ ತೂಗಾಡುತ್ತ ನಡೆದು, "ಇನ್ನೂ ಇದ್ನೇ ಮಾಡ್ಕಂಡು ಕುಂತಿದ್ದೀಯಲ್ಲೋ" ಎಂದು ತಮ್ಮನ ಮೇಲೆ ಮರುಕ ತೋರಿಸಿ ವಾಪಸಾಗುತ್ತಿದ್ದರು. ಆಮೇಲೆ ತಮ್ಮ ಭಾಗದಲ್ಲಿ ಇಪ್ಪತ್ತು ಗುಂಟೆ ಮಾರಿ ಮಂಡ್ಯದಲ್ಲಿ ಮೂವತ್ತು–ನಲವತ್ತರ ಸೈಟು ಹಿಡಿದರು. ಲೆಕ್ಕ ಹಾಕುವುದು ನನ್ನ ಕೆಟ್ಟ ಚಾಳಿ. ಗುಂಟೆಗೆ 1,089 ಚದರಡಿ, ಸೈಟು 1,200. ಇಪ್ಪತ್ತು ಗುಂಟೆ ಕೊಟ್ಟು ಒಂದು ಗುಂಟೆ ಚಿಲ್ಲರೆ ತಂದರು. ಚಿಲ್ಲರೆ ಮೆಟ್ಟಿಲಿಗೆ ಹೋಯಿತು.

ಮನೆ ಕಟ್ಟುವಾಗ ಎಂಜಿನಿಯರು ಹಿಂದೆ ಮೂರಡಿ ಮಣ್ಣು ಬಿಟ್ಟಿದ್ದ. "ಹುಲ್ಲು ಬೆಳೀತದೆ, ಹಾವು ಬತ್ತದೆ" ಎಂದು ಗೌಡರು ಅದಕ್ಕೂ ಕಾಂಕ್ರೀಟು ಬಳಿಸಿದರು. ಮುಂದೆ ಇದ್ದ ಒಂದೇ ತೆಂಗಿನ ಮರ ಕಾರಿಗೆ ಅಡ್ಡವೆಂದು ಉರುಳಿತು. ಕಾರು ಬಂದದ್ದು ಆರು ವರ್ಷ ಬಿಟ್ಟು. ಹೀಗೆ ಇಡೀ ನಿವೇಶನದಲ್ಲಿ ಒಂದು ಹಿಡಿ ಮಣ್ಣು ಕಾಣದಂತೆ ಮಾಡಿ, ಗೃಹಪ್ರವೇಶ ಮುಗಿಸಿ, ಪಿಂಚಣಿ ಶುರುವಾದ ಮೇಲೆ ಮಣ್ಣಿನ ಮೇಲೆ ಮಮತೆ ಉಕ್ಕಿ ಬಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಮೇಲಕ್ಕೇ.

ಇವರು ಹುಟ್ಟಿದ ಮನೆಯನ್ನು ನಾನು ನೋಡಿದ್ದೇನೆ. ನಾಡಹೆಂಚಿನ ಮಾಡಿನ ಮೇಲೆ ಕುಂಬಳದ ಬಳ್ಳಿ ಹಬ್ಬಿ, ಮಳೆಗಾಲದಲ್ಲಿ ಹೆಂಚೇ ಕಾಣುತ್ತಿರಲಿಲ್ಲ. ಬಚ್ಚಲ ನೀರು ಬಾಳೆಗೆ, ಬಾಳೆ ದಾಟಿದ್ದು ಕೆಸುವಿಗೆ. ಹಿತ್ತಿಲ ಚಪ್ಪರಕ್ಕೆ ಅವರೆ ಮತ್ತು ಹೀರೆ, ಚಪ್ಪರದ ನೆರಳಿಗೆ ದನ, ದನದ ಕೊಟ್ಟಿಗೆಯಿಂದ ತಿಪ್ಪೆ, ತಿಪ್ಪೆಯ ಮಗ್ಗುಲಿಗೆ ತಾನಾಗಿ ಹುಟ್ಟಿದ ಟೊಮೇಟೊ. ಕಟ್ಟಡದೊಳಗೆ ಬೆಳೆಯನ್ನು ಹೇಗೆ ಕೂಡಿಸಬೇಕೆಂದು ಈಗ ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ನಕ್ಷೆ ಬರೆಯುತ್ತಾರೆ. ಅಲ್ಲಿ ಗೌಡರ ಅವ್ವ ನಕ್ಷೆಯಿಲ್ಲದೆ ಕೂಡಿಸಿದ್ದಳು, ಬೀಜ ಬಿಸಾಡಿ. ಆ ಮನೆ ಕೆಡವಿ ಆರ್‌ಸಿಸಿ ಮಾಡಲು ತಮ್ಮನಿಗೆ ಸಾಲ ಕೊಡಿಸಿದವರೂ ಇದೇ ಗೌಡರು.

ಜ್ಞಾನೋದಯ ಆದದ್ದು ಬೆಂಗಳೂರಿನ ಮಗಳ ಮನೆಗೆ ಹೋದಾಗ. ಅಲ್ಲಿ ತಾರಸಿ ತೋಟದ ಮಾತೆತ್ತಿದರೆ ಡಾ. ಬಿ.ಎನ್. ವಿಶ್ವನಾಥ್ ಅವರ ಹೆಸರು ಬಂದೇ ಬರುತ್ತದೆ. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಮೇಳಕ್ಕೆ ಜನ ಜಾತ್ರೆಗೆ ಬಂದಂತೆ ಬರುತ್ತಾರೆ. ಮೊಮ್ಮಗನನ್ನು ಎತ್ತಿಕೊಂಡು ಹೋದ ಗೌಡರು ಮೊಮ್ಮಗನನ್ನು ಮಗಳ ಕೈಗೆ ದಾಟಿಸಿ ನಲವತ್ತು ಗ್ರೋ ಬ್ಯಾಗು ಹೊತ್ತು ಬಂದರು. ಆ ರಾತ್ರಿಯಿಂದ ಯೂಟ್ಯೂಬು. ಇಟಲಿಯ ಮಿಲಾನಿನಲ್ಲಿ ಸ್ಟೆಫಾನೊ ಬೊಯೆರಿ ಎಂಬ ವಾಸ್ತುಶಿಲ್ಪಿ 2014ರಲ್ಲಿ ಮುಗಿಸಿದ ಜೋಡಿ ಗೋಪುರಗಳು ಗೌಡರಿಗೆ ಈಗ ಮಹದೇಶ್ವರ ಬೆಟ್ಟದಷ್ಟೇ ಪರಿಚಿತ. ಮಹಡಿ ಮಹಡಿಗೂ ಮರ, ಎಲ್ಲ ಸೇರಿ ಎಂಟುನೂರರ ಹತ್ತಿರ. ಅದನ್ನು ನೋಡಿ ಗೌಡರು ಕೊಟ್ಟ ತೀರ್ಪು: "ಎಂಟ್ನೂರು ಮರ ಮಡಗವ್ನೆ ಪುಣ್ಯಾತ್ಮ. ಒಂದ್ ನುಗ್ಗೆ ಹಾಕ್ಬಾರ್ದಿತ್ತಾ?"

ಮೊದಲು ಬೇಕಾದದ್ದು ಮಣ್ಣು. ಊರಿಗೆ ಫೋನು ಹೋಯಿತು. ತಮ್ಮ ಕೆರೆಯ ಗೋಡುಮಣ್ಣು ತುಂಬಿದ ಚೀಲಗಳನ್ನು ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದ. ಇಪ್ಪತ್ತನೆಯ ಚೀಲ ಮೆಟ್ಟಿಲು ಹತ್ತಿಸಿ ಸೊಂಟ ಹಿಡಿದು ಕೂತು ಹೇಳಿದನಂತೆ: "ಅಣ್ಣೋ, ಒಳ್ಳೇದಾಯ್ತು ಬುಡು. ಹಿಂಗೇ ನಾಕ್ ವರ್ಷ ಹೊತ್ರೆ ನಿನ್ ಭಾಗ ಪೂರ್ತಿ ಇಲ್ಲಿಗೇ ಬಂದ್ಬುಡ್ತದೆ. ಪಾಲು ಮಾಡೋ ತಾಪತ್ರಯಾನೇ ಇರಾಕಿಲ್ಲ."

ಮಣ್ಣು ನೋಡಿ ಬೆಚ್ಚಿದವನು ಹೆಂಡತಿಯ ಅಣ್ಣನ ಮಗ, ಸಿವಿಲ್ ಎಂಜಿನಿಯರು. "ಮಾವ, ಜನ ಓಡಾಡೋ ತಾರಸಿಗೆ ಚದರ ಮೀಟರಿಗೆ 150 ಕೆ.ಜಿ. ಹಿಡಿದು ಡಿಸೈನ್ ಮಾಡಿರ್ತಾರೆ. ಒಂದಡಿ ಒದ್ದೆ ಮಣ್ಣು ಅಂದ್ರೆ ಐನೂರು ಕೆ.ಜಿ. ದಾಟ್ತದೆ."

"ಗೃಹಪ್ರವೇಶದ ಮಾರ್ನೆ ದಿನ ಇದೇ ಮೋಲ್ಡ್ ಮ್ಯಾಲೆ ನಿಮ್ ಮದ್ದೂರಿನೋರು ನೂರೈವತ್ತು ಜನ ಕುಂತು ಬಾಡೂಟ ಉಂಡ್ರಲ್ಲ, ಆಗ ಬೀಳ್ಲಿಲ್ಲ?"

"ಅವ್ರು ಉಂಡು ಎದ್ ಹೋದ್ರು ಮಾವ. ಮಣ್ಣು ಎದ್ ಹೋಗಕಿಲ್ಲ."

ಈ ಮಾತು ನಾಟಿತು. ಭಾರದ ಕುಂಡಗಳೆಲ್ಲ ತೊಲೆ ಮತ್ತು ಕಂಬ ಇರುವ ಅಂಚಿಗೆ ಸರಿದವು, ನಡುವೆ ಹಗುರ ಬ್ಯಾಗುಗಳು ಬಂದವು, ಮಣ್ಣಿಗೆ ಬದಲು ಕೋಕೋಪೀಟು ಬಂತು. ಎಂದರೆ ತೆಂಗಿನ ನಾರಿನ ಪುಡಿ. ಐದು ಕೆ.ಜಿ. ಇಟ್ಟಿಗೆ, ನೀರಿಗೆ ಹಾಕಿದರೆ ಗಂಗಾಳದಲ್ಲಿ ಹಿಟ್ಟು ಉಬ್ಬಿದ ಹಾಗೆ ಉಬ್ಬುತ್ತದೆ. ಅದು ಪಾರ್ಸೆಲ್ಲಿನಲ್ಲಿ ಬರುವುದು ತಮಿಳುನಾಡಿನ ಪೊಳ್ಳಾಚಿಯಿಂದ. ಎಳನೀರಿಗೆ ದೇಶದಲ್ಲೇ ಹೆಸರಾದ ಮದ್ದೂರಿನ ಮಾರುಕಟ್ಟೆ ಇಲ್ಲಿಂದ ಇಪ್ಪತ್ತು ಕಿಲೋಮೀಟರು. ಮಾವನ ಮನೆ ಅದರ ಮಗ್ಗುಲಲ್ಲೇ, ತೋಟದಲ್ಲಿ ಮಟ್ಟೆ ಗುಡ್ಡದಂತೆ ಬಿದ್ದಿದೆ. "ನಮ್ಮಪ್ಪನ ಮನೆ ಮಟ್ಟೆ ಇವ್ರಿಗೆ ಆಗಕಿಲ್ಲ, ಪೊಳ್ಳಾಚಿದೇ ಬೇಕು" ಎಂದು ಗೌಡತಿ ಬೀದಿಗೆ ಕೇಳುವಂತೆ ಪಾತ್ರೆ ತೊಳೆಯುತ್ತಾರೆ.

ಗೊಬ್ಬರದ ವಿಷಯದಲ್ಲಿ ಗೌಡರು ಜೀವಾಮೃತದವರು. ಇನ್ನೂರು ಲೀಟರ್ ನೀರಿಗೆ ಹತ್ತು ಕೆ.ಜಿ. ಸಗಣಿ, ಹತ್ತು ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಬೆಲ್ಲಕ್ಕೆ ಮಂಡ್ಯದಲ್ಲಿ ಬರವಿಲ್ಲ. ನಾಟಿ ಹಸುವಿನ ಗಂಜಲ ಮಾತ್ರ ಸ್ವರ್ಣಸಂದ್ರದಲ್ಲಿ ಸಿಗದು. ಅದಕ್ಕೇ ಗೌಡರು ಒಮ್ಮೆ ಊರಿಂದ ಮಿನರಲ್ ವಾಟರ್ ಕ್ಯಾನಿನಲ್ಲಿ ತುಂಬಿಸಿಕೊಂಡು ಮಳವಳ್ಳಿಯಲ್ಲಿ ಬಸ್ಸು ಹತ್ತಿದರು. ಬಿಸಿಲು, ರಸ್ತೆಯ ಹಂಪು. ಕೆ.ಎಂ. ದೊಡ್ಡಿ ದಾಟುವಾಗ ಮುಚ್ಚಳ ಹಾರಿತು. ಆಮೇಲಿನದನ್ನು ಗೌಡರು ಹೇಳುವುದಿಲ್ಲ, ಅದೇ ಬಸ್ಸಿನಲ್ಲಿದ್ದ ನಾನು ಹೇಳಬೇಕು. ಮದ್ದೂರು ಬಂದಾಗ ಹಸಿವಿಲ್ಲದವರೂ ವಡೆ ತಿನ್ನಲು ಇಳಿದರು. ಕಂಡಕ್ಟರು ಕೂಡ.

ಆದರೆ ಗೌಡರ ನಿಜವಾದ ಪ್ರತಿಭೆ ನೀರಾವರಿಯಲ್ಲಿ. ಮಂಡ್ಯದ ಮನುಷ್ಯ ಬೇರೆ ಊರಿನವರ ಹಾಗೆ ಗಿಡಕ್ಕೆ ನೀರು ಹಾಕುವುದಿಲ್ಲ, ನೀರು ಬಿಡುಗಡೆ ಮಾಡುತ್ತಾನೆ. ಸಾವಿರ ಲೀಟರಿನ ಕಪ್ಪು ಟ್ಯಾಂಕಿಗೆ ಗೌಡರು ಇಟ್ಟ ಹೆಸರು 'ಕಟ್ಟೆ'. ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು, ತುದಿಯ ಗೆರೆಗೆ 124.80 ಎಂದು ಬರೆದಿದ್ದಾರೆ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ ಅಷ್ಟು ಅಡಿ ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಮಗುವಿಗೂ ಹೇಳಿಕೊಡಬೇಕಿಲ್ಲ. ಟ್ಯಾಂಕು ತುಂಬಿದ ದಿನ ಗೌಡರು ಅರಿಸಿನ ಕುಂಕುಮ ಹಾಕಿ ಬಾಗಿನ ಕೊಡುತ್ತಾರೆ. ಆವತ್ತು ಗೌಡತಿಗೆ ಹೊಸ ಮೊರ ಗ್ಯಾರಂಟಿ.

ಕಟ್ಟೆಯಿಂದ ಹೊರಟ ಪೈಪು ವಿಶ್ವೇಶ್ವರಯ್ಯ ನಾಲೆ. ಸೋಲಾರ್ ಹೀಟರಿನ ಸ್ಟ್ಯಾಂಡಿನಡಿ ನುಸುಳುವ ಜಾಗ ಹುಲಿಕೆರೆ ಸುರಂಗ. ಅಲ್ಲಿಂದ ಮೊದಲ ಕವಲಿನ ಬ್ಯಾಗುಗಳಿಗೆ ಪಾಂಡವಪುರ, ನಡುವಿನವಕ್ಕೆ ಮಂಡ್ಯ, ಆಚೆಯವಕ್ಕೆ ಮದ್ದೂರು, ಮೂಲೆಯಲ್ಲಿ ಪ್ಯಾರಾಪೆಟ್ಟಿಗೆ ಒತ್ತಿಕೊಂಡಿರುವ ಹನ್ನೆರಡು ಬ್ಯಾಗುಗಳಿಗೆ ಮಳವಳ್ಳಿ. ಹೆಸರು ಮೊದಲೇ ಇಟ್ಟದ್ದಲ್ಲ, ನೀರು ತಾನೇ ಇಟ್ಟುಕೊಟ್ಟಿತು. ಪಾಂಡವಪುರದಲ್ಲಿ ಬದನೆ ಕೊಬ್ಬಿ ನಿಂತಿದೆ, ಮಂಡ್ಯದಲ್ಲಿ ಸೊಪ್ಪು ಸೊಂಪಾಗಿದೆ, ಮದ್ದೂರಿನ ಈರುಳ್ಳಿ ಹೂಂ ಅನ್ನುವಂತಿದೆ (ಕಳೆದ ಬೆಳೆಯ ಇಳುವರಿ ಸರಿಯಾಗಿ ಮೂರು ಮದ್ದೂರು ವಡೆಗೆ ಸಾಕಾಯಿತು), ಮಳವಳ್ಳಿಯ ಟೊಮೇಟೊ ಮಾತ್ರ ಸದಾ ಬಾಡಿ ನೇತಾಡುತ್ತದೆ. ನಾಲೆಯ ಕೊನೆಯ ಭಾಗಕ್ಕೆ ನೀರು ಹೋಗುವುದಿಲ್ಲವೆಂದು ಅಲ್ಲಿನ ರೈತರು ಗೋಳಿಡುವುದನ್ನು ಕೇಳಿಕೊಂಡೇ ಬೆಳೆದ ಗೌಡರು, ತಮ್ಮ ತಾರಸಿಯಲ್ಲೂ ಅದನ್ನು ಸರಿಪಡಿಸಲಾರರು. "ಕಟ್ಟು ಪದ್ಧತಿಲಿ ಬುಡ್ತಾ ಇದ್ದೀವಿ, ಬತ್ತದೆ" ಎಂದು ಟೊಮೇಟೊ ಗಿಡಕ್ಕೆ ಹೇಳುವಾಗ ಅವರ ದನಿಯಲ್ಲಿ ಹಳೆಯ ಇಲಾಖೆಯ ಗತ್ತು ಬರುತ್ತದೆ.

ಮಳವಳ್ಳಿಗೆ ಹೋಗದ ನೀರು ಎಲ್ಲಿ ಹೋಯಿತು ಎನ್ನುವ ಪ್ರಶ್ನೆಗೆ ಉತ್ತರ ಮೊದಲ ಮಹಡಿಯಲ್ಲಿದೆ. ಅಲ್ಲಿ ಬಾಡಿಗೆಗಿರುವವರು ಹಾವೇರಿ ಕಡೆಯ ಬ್ಯಾಂಕಿನ ಹುಡುಗ, ಅವನ ಹೆಂಡತಿ. ಬ್ಯಾಗಿನಡಿ ತಟ್ಟೆಯಿಲ್ಲ, ತಾರಸಿಗೆ ಸರಿಯಾದ ಓಟವಿಲ್ಲ, ಜಲನಿರೋಧಕ ಬಳಿಸುವ ಮುಂಚೆಯೇ ಬೆಳೆ ಬಂದಿತ್ತು. ಜೂನಿನಲ್ಲಿ ಅವರ ಹಾಲಿನ ಸೂರಿನಲ್ಲಿ ಒಂದು ಕಂದು ನಕ್ಷೆ ಮೂಡಿತು, ಆಗಸ್ಟಿಗೆ ಅದು ಹನಿಯಿತು. ಹುಡುಗ ಮೇಲೆ ಬಂದು ಮೆತ್ತಗೆ ಹೇಳಿದ. ಗೌಡರ ಉತ್ತರ: "ಕೆಳಗಡೆಯೋರಿಗೆ ಎಷ್ಟು ಬುಟ್ರೂ ಸಾಲಕಿಲ್ಲ ಕಣಪ್ಪ." 2018ರ ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಎಂದಾದದ್ದು ನಮಗೆಲ್ಲ ಬಾಯಿಪಾಠ. ಅಂದಿನಿಂದ ಆ ಹುಡುಗನಿಗೆ ಬೀದಿಯ ಮಕ್ಕಳು 'ನೂರಾ ಎಪ್ಪತ್ತೇಳೂ ಕಾಲು' ಎಂದು ಹೆಸರಿಟ್ಟರು. ಹಾವೇರಿಯವನನ್ನು ತಮಿಳುನಾಡು ಮಾಡಿದ್ದು ಬಹುಶಃ ಗೌಡರೊಬ್ಬರೇ. ಕೊನೆಗೆ ಪ್ರಾಧಿಕಾರ, ಎಂದರೆ ಗೌಡತಿ, ಬಾಡಿಗೆಯಲ್ಲಿ ಐನೂರು ಕಡಿತ ಮತ್ತು ವಾರಕ್ಕೆರಡು ಕಟ್ಟು ದಂಟಿನ ಸೊಪ್ಪು ಎಂದು ತೀರ್ಪು ಕೊಟ್ಟರು. ತಜ್ಞರ ತಂಡವಾಗಿ ಬಂದ ಅವರ ಸೋದರಳಿಯ ಎಂಜಿನಿಯರು ಬ್ಯಾಗುಗಳನ್ನೆಲ್ಲ ಇಟ್ಟಿಗೆಯ ಮೇಲೆ ಎತ್ತಿಸಿ, ಅಡಿಯಲ್ಲಿ ಗಾಳಿಯಾಡುವಂತೆ ಮಾಡಿ, ನೆಲಕ್ಕೆ ಎರಡು ಪದರ ಬಳಿಸಿದ. ಅದರ ಖರ್ಚಿನಲ್ಲಿ ಎಷ್ಟು ವರ್ಷ ತರಕಾರಿ ಕೊಳ್ಳಬಹುದಿತ್ತೆಂದು ನಾನು ಲೆಕ್ಕ ಹಾಕಿ, ಗೌಡರ ಮುಖ ನೋಡಿ ನುಂಗಿಕೊಂಡೆ.

ಸಕ್ಕರೆ ನಾಡಿನವರಾಗಿ ಕಬ್ಬು ಬೆಳೆಯದಿದ್ದರೆ ಹೇಗೆ? 1933ರಲ್ಲೇ ಮೈಷುಗರ್ ಸ್ಥಾಪನೆಯಾದ ಊರು. ನೀಲಿ ಡ್ರಮ್ಮಿನಲ್ಲಿ ಆರು ಜಲ್ಲೆ ಎದ್ದವು. ಗೌಡರು ದಿನಾ ಸಂಜೆ ಅದರ ಬುಡ ನೇವರಿಸಿ "ರಿಕವರಿ 10.25 ಬಂದೇ ಬತ್ತದೆ" ಎನ್ನುತ್ತಿದ್ದರು. ಕಟಿಂಗ್ ಆರ್ಡರು ಗೌಡತಿಯ ಕೈಯಲ್ಲಿತ್ತು. ಸಂಕ್ರಾಂತಿಯ ಬೆಳಗ್ಗೆ ಆರೂ ಜಲ್ಲೆ ಎಳ್ಳಿನ ತಟ್ಟೆಗೆ ಇಳಿದವು. ಗೌಡರು ಎರಡು ದಿನ ಟನ್ನಿನ ದರದ ಬಗ್ಗೆ ಹೋರಾಟ ಮಾಡಿದರು.

ಇಷ್ಟಕ್ಕೆಲ್ಲ ಸನ್ಮಾನ ಬರದಿದ್ದರೆ ತಪ್ಪಾಗುತ್ತಿತ್ತು. ಒಂದು ಡಿಸೆಂಬರ್ 23, ರೈತ ದಿನಾಚರಣೆಯಂದು, ಒಂದು ಸಂಘದವರು ಗೌಡರಿಗೆ 'ಪ್ರಗತಿಪರ ರೈತ' ಎಂದು ಮೈಸೂರು ಪೇಟ ತೊಡಿಸಿದರು. ಗೌಡರು ಮಣ್ಣಿನ ಋಣದ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದರು. ಪಹಣಿಯಲ್ಲಿ ಹೆಸರು ತಿದ್ದಿಸಲು ಆವತ್ತೇ ಪೇಟೆಗೆ ಬಂದಿದ್ದ ತಮ್ಮ, ಕೊನೆಯ ಸಾಲಿನಲ್ಲಿ ಕೂತು ಪೂರ್ತಿ ಕೇಳಿ, ಎರಡು ಸಲ ಚಪ್ಪಾಳೆ ತಟ್ಟಿದ. ಎರಡೆಕರೆ ಮಾಡುವವನಿಗೆ ಇದುವರೆಗೆ ಬಂದ ಸನ್ಮಾನ ಎಂದರೆ ಸಾಲದ ನೋಟೀಸು. ಅದಕ್ಕೆ ಅವನು ಭಾಷಣ ಮಾಡಿದವನಲ್ಲ.

ಸಭೆ ಮುಗಿಸಿ ಇಬ್ಬರೂ ಮನೆಗೆ ಬಂದರು. ತಮ್ಮ ಊರಿಂದ ತಂದಿದ್ದ ಒಂದು ಮೂಟೆ ಅವರೆಕಾಯನ್ನು ಅಡಿಗೆಮನೆಗೆ ಇಳಿಸಿದ. ಗೌಡರು ಪ್ರತಿಯಾಗಿ ಅವನನ್ನು ಮೇಲೆ ಕರೆದೊಯ್ದು ಮೂರು ಬದನೆಕಾಯಿ ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ "ಪೂರ್ತಿ ಸಾವಯವ ಕಣ್ಲಾ, ಹುಷಾರು" ಎಂದು ಕೈಗಿಟ್ಟು, ಪೇಟ ಇಡಲು ಕೆಳಗೆ ಹೋದರು. ತಮ್ಮ ತಾರಸಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬ್ಯಾಗುಗಳ ನಡುವೆ ನಡೆದ. ಕೋಕೋಪೀಟಿಗೆ ಬೆರಳಿಟ್ಟು ಮೂಸಿ, ಏನೂ ವಾಸನೆ ಬರದೆ ಇನ್ನೊಮ್ಮೆ ಮೂಸಿದ. ನಾನು ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

"ಇದ್ಯಾಕ್ ಸಾ ಒಣಗಿರೋದು?" ಮೂಲೆಯ ಟೊಮೇಟೊ ತೋರಿಸಿ ಕೇಳಿದ.

"ಅದು ಮಳವಳ್ಳಿ" ಎಂದೆ.

ಅವನು ನಗಲಿಲ್ಲ. ಪೈಪಿನ ಗುಂಟ ಕಣ್ಣಾಡಿಸಿದ. ಕಟ್ಟೆ, ಸುರಂಗ, ಕವಲು, ಎಲ್ಲ ಒಂದೇ ನೋಟಕ್ಕೆ ಗೊತ್ತಾಯಿತು. ಟ್ಯಾಂಕಿನ ಗೇಟ್‌ವಾಲ್ವು ತಿರುಗಿಸಿ ಬಂದು, ಪಾಂಡವಪುರಕ್ಕೆ ಹೋಗುವ ಕವಲಿನ ಮೇಲೆ ಬಲಗಾಲು ಇಟ್ಟ, ಮಂಡ್ಯದ್ದರ ಮೇಲೆ ಎಡಗಾಲು. ಅಲ್ಲೇ ನಿಂತು ನಿಧಾನವಾಗಿ ಬೀಡಿ ಹಚ್ಚಿದ. ಮೂಲೆಯಲ್ಲಿ ಬುಳುಬುಳು ಸದ್ದಾಯಿತು.

ಕೆಳಗಿನಿಂದ ಗೌಡರ ದನಿ ಬಂತು: "ಯಾರ್ಲಾ ಅದು, ಪೈಪ್ ತುಳಿದಿರೋನು?"