ವಿಭಾಗಮೈತ್ರೀಮೀಮಾಂಸೆ: ಪ್ರಥಮಾಧಿಕರಣ

ಕರ್ನಾಟಕದ ಪ್ರೌಢಶಾಲೆಯ ಎಂಟನೆಯ ತರಗತಿಗೆ ನೂತನವಾಗಿ ಪ್ರವಿಷ್ಟನಾದ ವಿದ್ಯಾರ್ಥಿಯು ‘ಎ’, ‘ಬಿ’, ‘ಸಿ’ ಎಂಬ ಸೆಕ್ಷನ್ನುಗಳಲ್ಲೊಂದರಲ್ಲಿ ನಿಕ್ಷಿಪ್ತನಾಗುವುದರಿಂದ ಅವನ ಸ್ನೇಹಕ್ಕೆ ಪ್ರಾಪ್ತವಾಗುವ ಉತ್ಪತ್ತಿ-ಸ್ಥಿತಿ-ಲಯಗಳನ್ನು ನಿರೂಪಿಸುವುದೇ ಈ ಶಾಸ್ತ್ರ. ಏಳನೆಯ ತರಗತಿಯವರೆಗಿನದು ಗ್ರಾಮಮೈತ್ರಿ. ಅದು ಸ್ವಯಂಸಿದ್ಧವಾದ್ದರಿಂದ ವಿಚಾರಾರ್ಹವಲ್ಲ. ಹಾಜರಿ ಪುಸ್ತಕವನ್ನು ಬಿಡಿಸಿ ನೋಡಿದವನೇ ಇಲ್ಲಿ ಅಧಿಕಾರಿ.

ಲಕ್ಷಣ ಹೀಗೆ: ಏಕಹಾಜರಿಪುಸ್ತಕಸ್ಥರಾಗಿದ್ದು ಪರಸ್ಪರ ಕೈವಾರಪ್ರದಾತೃಗಳಾಗಿರುವಿಕೆಯೇ ವಿಭಾಗಮೈತ್ರಿ. ಪ್ರಥಮಪದವನ್ನು ಕೈಬಿಟ್ಟರೆ, ಗಣಿತದ ಪಿರಿಯಡ್ಡಿಗೆ ಮುನ್ನ ಪಕ್ಕದ ಸೆಕ್ಷನ್ನಿನಿಂದ ಓಡಿಬಂದು ಕೈವಾರ ಕೇಳುವವನಲ್ಲಿ ಅತಿವ್ಯಾಪ್ತಿದೋಷ. ‘ಪರಸ್ಪರ’ ಎಂಬುದನ್ನು ಕೈಬಿಟ್ಟರೆ, ಒಯ್ದು ಹಿಂದಿರುಗಿಸದವನಲ್ಲಿ ಅದೇ ದೋಷ. ಕಂಪಾಸ್ ಬಾಕ್ಸೇ ಇಲ್ಲದ ಇಬ್ಬರ ಸ್ನೇಹದಲ್ಲಿ ಅವ್ಯಾಪ್ತಿಯಾಗದೇ ಎಂದರೆ, ಆಗದು. ಪ್ರದಾತೃತ್ವವೆಂದರೆ ಇಲ್ಲಿ ಯೋಗ್ಯತಾಮಾತ್ರ, ಇದ್ದಿದ್ದರೆ ಕೊಡುತ್ತಿದ್ದರು.

ಸೆಕ್ಷನ್ ವಿಭಜನೆಯ ನಿಮಿತ್ತಗಳು ನಾಲ್ಕು.

1. ಮಾಧ್ಯಮನಿಮಿತ್ತ. ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎಂದು ದ್ವಿವಿಧ. ಸ್ಪಷ್ಟ.

2. ಭಾಷಾನಿಮಿತ್ತ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125. ಅದು ಕನ್ನಡವೋ ಸಂಸ್ಕೃತವೋ ಎಂಬ ವಿಕಲ್ಪದಿಂದ ಈ ಭೇದ. ಇದರಲ್ಲಿ ಎರಡು ಉಪಭೇದ.

(ಕ) ಪೂರ್ಣಭೇದ: ಸಂಸ್ಕೃತದವರೆಲ್ಲ ಒಂದೇ ಸೆಕ್ಷನ್ನು.

(ಖ) ಪಿರಿಯಡ್‌ಭೇದ: ಗಂಟೆ ಹೊಡೆದೊಡನೆ ಅರ್ಧ ಕ್ಲಾಸು ಬ್ಯಾಗು ಹೊತ್ತು ಆಚೆ ಕೋಣೆಗೆ ತೆರಳುತ್ತದೆ, ಆಚೆಯ ಅರ್ಧ ಈಚೆ ಬರುತ್ತದೆ. ಹೀಗೆ ಒಂದೇ ಬೆಂಚಿನ ಒಂದೇ ಜಾಗದಲ್ಲಿ ಭಿನ್ನಕಾಲದಲ್ಲಿ ಕೂರುವ ಇಬ್ಬರು ಪರಸ್ಪರರನ್ನು ಕಾಣುವುದಿಲ್ಲ. ಆದರೂ ಡೆಸ್ಕಿನ ಮೇಲೆ ಒಬ್ಬನು ಕೈವಾರದ ಮೊನೆಯಿಂದ ಕೊರೆದ ಹೆಸರಿನ ಕೆಳಗೆ ಇನ್ನೊಬ್ಬನ ಹೆಸರು, ಅದರ ಕೆಳಗೆ ಮೊದಲನೆಯವನ ಪ್ರಶ್ನಾರ್ಥಕ ಚಿಹ್ನೆ ಕಂಡುಬರುವುದರಿಂದ ಪರೋಕ್ಷಮೈತ್ರಿಯು ಅನುಮಾನಪ್ರಮಾಣದಿಂದ ಸಿದ್ಧ.

3. ಅಕ್ಷರಾನುಕ್ರಮನಿಮಿತ್ತ. ಪ್ರವೇಶಪಟ್ಟಿಯ ನಡುವೆ ಗುಮಾಸ್ತರು ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ. ಗೆರೆಯು ಪ್ರಾಯಶಃ ಮಕಾರದ ಮೇಲೆ ಬೀಳುವುದರಿಂದ ಮಂಜುನಾಥರು ವಿಶೇಷವಾಗಿ ಪೀಡಿತರು: ಇನಿಷಿಯಲ್ಲಿನಿಂದ ಮಾತ್ರ ಭಿನ್ನರಾದವರು ಗೆರೆಯ ಆಚೀಚೆ ಉಳಿಯುತ್ತಾರೆ. ಲಿಪಿಭೇದದಿಂದಲೂ ಮೈತ್ರೀಭೇದ ಉಂಟು. ಜ್ಞಾನೇಶನು ಕನ್ನಡ ಪಟ್ಟಿಯಲ್ಲಿ ಜಕಾರದ ಕೊನೆಗೆ ಸರಿದು ಜ್ಯೋತಿಪ್ರಕಾಶನ ಮಗ್ಗುಲಿಗೆ ಬರುತ್ತಾನೆ; ಇಂಗ್ಲಿಷ್ ಪಟ್ಟಿಯಲ್ಲಿ ಗಿರೀಶನ ಬೆನ್ನಿಗೆ ನಿಲ್ಲುತ್ತಾನೆ. ಆದಕಾರಣ ಶರೀರತಃ ಒಬ್ಬನಾದರೂ ಮೈತ್ರೀತಃ ಜ್ಞಾನೇಶರು ಇಬ್ಬರು. ಇದು ಗೌರವದೋಷವಲ್ಲವೇ, ಒಬ್ಬನಿಂದಲೇ ನಿರ್ವಹಿಸಬಾರದೇ ಎಂದು ಕೇಳುವವರು ಜ್ಞಾನೇಶನ ಟಿಫಿನ್ ಡಬ್ಬಿಯನ್ನು ಯಾರು ಖಾಲಿ ಮಾಡುತ್ತಾರೆಂಬುದನ್ನು ಪರಿಶೀಲಿಸಲಿ.

4. ಅಂಕನಿಮಿತ್ತ. ಏಳನೆಯ ತರಗತಿಯ ಅಂಕಗಳಂತೆ ಜಾಣರಿಗೆ ‘ಎ’, ಮಿಕ್ಕವರಿಗೆ ಮಿಕ್ಕದ್ದು. ಇದನ್ನು ಶಾಲೆ ಒಪ್ಪುವುದಿಲ್ಲ, ಮಕ್ಕಳು ಸಂದೇಹಿಸುವುದಿಲ್ಲ. ನಾಲ್ಕರಲ್ಲಿ ಇದೊಂದೇ ನಿಂದ್ಯವೆಂದು ನಮ್ಮ ಮತ: ಇತರ ಮೂರರಲ್ಲಿ ಅಗಲಿದವರು ಗುಮಾಸ್ತರನ್ನು ದೂರುತ್ತಾರೆ, ಇದರಲ್ಲಿ ಒಬ್ಬರನ್ನೊಬ್ಬರು ದೂರುತ್ತಾರೆ.

ಇನ್ನು ಅಭಾವವಿಚಾರ. ಜೂನ್ ತಿಂಗಳಲ್ಲಿ ಬೆಂಚಿನ ಸಂಗಾತಿಯ ವಿಷಯದಲ್ಲಿರುವುದು ಪ್ರಾಗಭಾವ. ಹೆಸರು ಕೇಳಿದೊಡನೆ ಅದು ನಶಿಸುತ್ತದೆ. ಬೇರೆ ಸೆಕ್ಷನ್ನಿಗೆ ಹೋದ ಊರಿನ ಗೆಳೆಯನ ವಿಷಯದಲ್ಲಿ ಪ್ರಧ್ವಂಸಾಭಾವವೆಂದು ಪೂರ್ವಪಕ್ಷ. ಅದು ಸಲ್ಲದು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲವೆಂದು ನೈಯಾಯಿಕರ ನಿಯಮ. ಇಲ್ಲಿಯಾದರೋ ಎರಡು ಸೆಕ್ಷನ್ನುಗಳಿಗೆ ಒಟ್ಟಿಗೆ ಪಿ.ಟಿ. ಪಿರಿಯಡ್ಡು ಬಂದ ದಿನ ಅಭಾವವು ಮೈದಾನದಲ್ಲಿ ಅಂತ್ಯಗೊಂಡು, ವಿಷಲ್ ಊದಿದೊಡನೆ ಪುನಃ ಆರಂಭವಾಗುತ್ತದೆ. ಆದ್ದರಿಂದ ‘ಸಾಪ್ತಾಹಿಕಾಭಾವ’ವೆಂಬ ಪಂಚಮಪ್ರಕಾರವನ್ನು ಅಂಗೀಕರಿಸತಕ್ಕದ್ದು.

ಒಂದು ಶಂಕೆ ಉಳಿದಿದೆ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಸೈಕಲ್ ವಿತರಿಸುವ ಯೋಜನೆ 2006-07ರಲ್ಲಿ ಪ್ರಾರಂಭವಾಯಿತು. ‘ಎ’ ಸೆಕ್ಷನ್ನಿನವನು ತನ್ನ ಸೈಕಲ್ಲಿನ ಬೀಗ ತೆಗೆದೂ ಹೊರಡದೆ, ಕಡೇ ಪಿರಿಯಡ್ಡನ್ನು ಲಂಬಿಸುವ ಮೇಷ್ಟ್ರ ಕೈಗೆ ಸಿಕ್ಕ ‘ಸಿ’ ಸೆಕ್ಷನ್ನಿನ ಊರಿನವನಿಗಾಗಿ ಸ್ಟ್ಯಾಂಡಿನಲ್ಲಿ ಬೆಲ್ಲು ಹೊಡೆಯುತ್ತ ನಿಲ್ಲುತ್ತಾನೆ. ಹಾಜರಿ ಪುಸ್ತಕ ಏಕವಲ್ಲ, ಕೈವಾರದ ಪ್ರಸಂಗವಿಲ್ಲ, ಬೆಂಚೂ ಇಲ್ಲ. ಲಕ್ಷಣದ ಒಂದು ಪದವೂ ಇವನಿಗೆ ಅನ್ವಯಿಸದು. ದ್ವಿತೀಯಾಧಿಕರಣ ರಚಿತವಾಗುವ ಪರ್ಯಂತ ಇವನನ್ನು ‘ಇತರೆ’ ಎಂಬ ಕಾಲಂನಲ್ಲಿ ನಮೂದಿಸಲಾಗಿದೆ.