ಸಾಗರೋಷ್ಣ ಮೀಮಾಂಸೆ ಅಥವಾ ಘಟ್ಟದ ಮೇಲೆ ಕಡಲು ಸಾಕುವ ಶಾಸ್ತ್ರ

ಪೀಠಿಕೆ

ಕೆಳದಿಯ ಅರಸ ಬಸವಭೂಪಾಲ 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶ ರಚಿಸಿ, ಅದನ್ನು 9 ಕಲ್ಲೋಲ, 108 ತರಂಗಗಳಾಗಿ ವಿಂಗಡಿಸಿದ. ಘಟ್ಟದ ಮೇಲೆ ಕೂತು ಅಧ್ಯಾಯಗಳಿಗೆ ಅಲೆಗಳ ಹೆಸರಿಡುವ ಧೈರ್ಯ ಈ ಸೀಮೆಯವರಿಗೆ ಅಂದಿನಿಂದಲೂ ಉಂಟು. ಲೋಕದ ವಿದ್ಯೆಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ಆ ಗ್ರಂಥದಲ್ಲಿ, ಗಾಜಿನ ತೊಟ್ಟಿಯ ಉಪ್ಪುನೀರನ್ನು 26 ಡಿಗ್ರಿಯಲ್ಲಿ ನಿಲ್ಲಿಸುವ ಉಪಾಯವೊಂದು ಬಿಟ್ಟುಹೋಗಿದೆ. ಅದಕ್ಕೂ ಸುಮಾರು ಆರು ಶತಮಾನ ಮೊದಲು ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವನ್ನು ವಿಸ್ತಾರವಾಗಿ ಹೇಳಿದ್ದಾನೆ. ಮೀನುಗಳ ಜಾತಿ ಯಾವುದು, ಯಾವುದಕ್ಕೆ ಏನು ತಿನಿಸಬೇಕು ಎಲ್ಲವೂ ಅಲ್ಲಿದೆ. ಆದರೆ ಅರಸನ ಕಣ್ಣು ಗಾಳದ ಮೇಲೆ. ಗಾಳಕ್ಕೆ ಸಿಕ್ಕ ಮೀನಿನ ತಾಪಮಾನದ ಚಿಂತೆ ಅಡುಗೆಯವನದು.

ಈ ಲೋಪವೇ ಪ್ರಸ್ತುತ ಗ್ರಂಥದ ಅವತಾರಕ್ಕೆ ಕಾರಣ. ಒಂಬತ್ತು ಕಲ್ಲೋಲಗಳೆಂದು ಸಂಕಲ್ಪ ಮಾಡಿದ್ದು, ಕರೆಂಟಿನ ಕಣ್ಣಾಮುಚ್ಚಾಲೆಯಿಂದಾಗಿ ನಾಲ್ಕಕ್ಕೆ ನಿಂತಿದೆ.

ಪ್ರಥಮ ಕಲ್ಲೋಲ: ಜಲನಿರ್ಣಯ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ವಾಸವಿದ್ದು, ಹಜಾರದಲ್ಲಿ 200 ಲೀಟರಿನ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಎರಡು ಕ್ಲೌನ್ ಮೀನು, ಎದುರಿಗೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು, ಹೊತ್ತುಹೊತ್ತಿಗೆ ಥರ್ಮಾಮೀಟರ್ ನೋಡಿ ನಿಟ್ಟುಸಿರು ಬಿಡುವವನೇ ಅಧಿಕಾರಿ. ಸಿಹಿನೀರಿನವರಿಗೆ ಇಲ್ಲಿ ಪ್ರವೇಶವಿಲ್ಲ. ಅವರು ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಗೆ ಹೋಗಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಕೃತಾರ್ಥರಾಗಬಹುದು. ಆ ಮೀನುಗಳ ಶೀತೋಷ್ಣವನ್ನು ತುಂಗೆಯೇ ನೋಡಿಕೊಳ್ಳುತ್ತಾಳೆ. ಹೀಟರಿಲ್ಲ, ಬಿಲ್ಲಿಲ್ಲ.

ಊರೇ ಸಾಗರವಾಗಿರುವಾಗ ಇನ್ನೊಂದು ಸಾಗರವೇಕೆ ಎಂಬುದು ಪೂರ್ವಪಕ್ಷ. ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರ, ಅಂದರೆ ಈಗಿನ ಗಣಪತಿ ಕೆರೆ, ಊರಿಗೆ ಹೆಸರು ಕೊಟ್ಟಿತು; ಉಪ್ಪು ಕೊಡಲಿಲ್ಲ. ಕ್ಲೌನ್ ಮೀನಿಗೆ ಲೀಟರಿಗೆ 35 ಗ್ರಾಮಿನ ಆಸುಪಾಸು ಲವಣ ಬೇಕು. ಪೂರ್ವಪಕ್ಷ ಅಲ್ಲಿಗೆ ಮುಗಿಯಿತು. ಅಡುಗೆಮನೆಯ ಮರಿಗೆಯಿಂದ ಎರಡು ಹಿಡಿ ಉಪ್ಪು ಹಾಕಿದರಾಯಿತಲ್ಲ ಎಂಬ ಉಪಪಕ್ಷವೂ ನಿಲ್ಲದು. ಕಡಲೆಂದರೆ ಬರೀ ಉಪ್ಪಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟ್ ಎಲ್ಲವೂ ಹದದಲ್ಲಿ ಬೆರೆತ ದ್ರಾವಣ.

ಹಾಗಾದರೆ ಕಡಲಿಗೇ ಹೋಗಿ ಕ್ಯಾನು ತುಂಬಿಸಿಕೊಂಡು ಬರೋಣ ಎನ್ನುವ ಪಂಥವೊಂದಿದೆ. ಇವರು ಜೂನ್ ಕಳೆದ ಮೇಲೆ ಹೊನ್ನಾವರಕ್ಕೆ ಹೊರಡುತ್ತಾರೆ. ಇಲ್ಲಿ ಭೂಗೋಳ ಅಡ್ಡ ಬರುತ್ತದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ಸೀಮೆಯ ಮಳೆಯನ್ನೆಲ್ಲ ಗುಡಿಸಿಕೊಂಡು, ಲಿಂಗನಮಕ್ಕಿಯಲ್ಲಿ ದಣಿವಾರಿಸಿಕೊಂಡು, ಘಟ್ಟ ಇಳಿದು ಆಕೆ ಕಡಲು ಸೇರುವುದು ಅದೇ ಹೊನ್ನಾವರದಲ್ಲಿ. ಮಳೆಗಾಲದಲ್ಲಿ ಆ ಅಳಿವೆಯ ನೀರಿಗೆ ಉಪ್ಪಿನ ರುಚಿಯೂ ಸರಿಯಾಗಿ ಇರುವುದಿಲ್ಲ. ಅಂದಮೇಲೆ ಯಜಮಾನ ನೂರು ಕಿಲೋಮೀಟರಿನಷ್ಟು ದೂರ ಹೋಗಿ ಡೀಸೆಲ್ ಸುಟ್ಟು ತರುವುದು ತನ್ನ ಮನೆಯ ಹೆಂಚಿನಿಂದ ಇಳಿದ ನೀರನ್ನೇ.

ಎಲ್ಲ ಹೆಂಚುಗಳಿಗೂ ಈ ನಿಯಮ ಅನ್ವಯಿಸದು. ಸಾಗರ ತಾಲ್ಲೂಕಿನ ಮಳೆಗೆ ಕಡಲು ಎರಡು. ಶರಾವತಿಯ ಕಡೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ. ವರದಾಮೂಲದಲ್ಲಿ ಹುಟ್ಟುವ ವರದೆಯ ಕಡೆ ಬಿದ್ದದ್ದು ತುಂಗಭದ್ರೆ, ಕೃಷ್ಣೆಯರ ಸೆರಗು ಹಿಡಿದು ಬಂಗಾಳ ಕೊಲ್ಲಿಗೆ. ವರದೆಯ ಕಡೆಯ ಮನೆಯವರು ಶಾಸ್ತ್ರೋಕ್ತವಾಗಿ ಆಂಧ್ರದ ಕರಾವಳಿಗೆ ಕ್ಯಾನು ಒಯ್ಯಬೇಕೇ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದೆ. ಗ್ರಂಥಕರ್ತ ಪೊಟ್ಟಣದ ಉಪ್ಪನ್ನು ಬಾವಿನೀರಿಗೆ ಬೆರೆಸುವ ಪಂಥದವನು.

ಮೀನಿನ ಜೊತೆಗೆ ಮುರುಡೇಶ್ವರದಾಚೆಯ ನೇತ್ರಾಣಿಯಿಂದ ಒಂದು ತುಂಡು ಹವಳವನ್ನೂ ತಂದರೆ ಹೇಗೆ ಎನ್ನುವ ಉತ್ಸಾಹಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಮೊದಲು ಓದತಕ್ಕದ್ದು. ಅದರ ಪ್ರಕಾರ ಹವಳದ ಸ್ಥಾನ ಹುಲಿಯ ಪಕ್ಕದಲ್ಲಿ.

ದ್ವಿತೀಯ ಕಲ್ಲೋಲ: ಶೀತನಿವಾರಣೆ

ಜನವರಿಯ ಬೆಳಗಿನ ಜಾವ ಸಾಗರದಲ್ಲಿ ಪಾದರಸ 15ರ ಆಸುಪಾಸಿಗೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ಪಾದರಸ 35ಕ್ಕೆ ಏರುತ್ತದೆ. ಹವಳದ ದಿಬ್ಬಗಳ ಸಂತಾನವಾದ ಕ್ಲೌನ್ ಮೀನಿಗೆ ಹಿತವಾದದ್ದು 24ರಿಂದ 27. ಅದರೊಳಗೂ ಒಂದು ಸೂಕ್ಷ್ಮವಿದೆ. 25 ಆದರೂ ಸರಿ, 27 ಆದರೂ ಸರಿ, ಬೆಳಿಗ್ಗೆ ಒಂದು ಸಂಜೆ ಇನ್ನೊಂದು ಆಗಕೂಡದು. ದಿನಕ್ಕೆ ಒಂದು ಡಿಗ್ರಿಯ ಏರಿಳಿತವನ್ನು ಮೀನು ಸಹಿಸುತ್ತದೆ. ಗಂಟೆಗೆ ಮೂರು ಡಿಗ್ರಿಯನ್ನಲ್ಲ. ಸಂಖ್ಯೆಯ ಹಿಂದೆ ಬಿದ್ದ ಯಜಮಾನರು ಈ ಸೂಕ್ಷ್ಮ ತಿಳಿಯದೆ, ಸರಿಯಾಗಿದ್ದುದನ್ನು ಸರಿಮಾಡಲು ಹೋಗಿ ಮೀನು ಕಳೆದುಕೊಂಡಿದ್ದಾರೆ.

ಹೀಟರಿನ ವಿಷಯದಲ್ಲಿ ಎರಡು ದರ್ಶನಗಳು. ಏಕಹೀಟರವಾದಿಗಳು 300 ವಾಟಿನ ಒಂದೇ ಸಾಕು ಎನ್ನುತ್ತಾರೆ. ದ್ವಿಹೀಟರವಾದಿಗಳು 150ರ ಎರಡು ಬೇಕು ಎನ್ನುತ್ತಾರೆ. ಜಗಳದ ಬೇರು ಥರ್ಮೋಸ್ಟಾಟಿನಲ್ಲಿದೆ. ಅದರೊಳಗಿನ ತಗಡು ಒಂದು ದಿನ ಅಂಟಿಕೊಂಡಿತೆಂದರೆ ಹೀಟರ್ ಆರುವುದೇ ಇಲ್ಲ. 300 ವಾಟಿನದು 200 ಲೀಟರ್ ನೀರನ್ನು ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ವೇಗದಲ್ಲಿ ಏರಿಸಬಲ್ಲದು. ರಾತ್ರಿ ಮಲಗುವಾಗ ಅಂಟಿಕೊಂಡರೆ, ಶುದ್ಧ ಸಸ್ಯಾಹಾರಿ ಮನೆಯ ಹಜಾರದಲ್ಲಿ ಬೆಳಗಾಗುವಷ್ಟರಲ್ಲಿ ಮೀನಿನ ಸಾರಿಗೆ ಪೂರ್ವಸಿದ್ಧತೆ ನಡೆದಿರುತ್ತದೆ. ಎರಡಿದ್ದರೆ, ಅಂಟಿಕೊಂಡ ಒಂದರಿಂದ ಬೇಯಿಸಲಾಗದು. ಸತ್ತ ಒಂದರಿಂದ ಹೆಪ್ಪುಗಟ್ಟಿಸಲಾಗದು. ದ್ವೈತವೇ ಸಿದ್ಧಾಂತ.

ಹೀಟರೇ ಇಲ್ಲದೆ ನೀರು ಕಾಯಿಸಬಹುದೇ? 1847ರಲ್ಲಿ ಜೇಮ್ಸ್ ಜೂಲ್ ಹೊಸ ಹೆಂಡತಿಯೊಂದಿಗೆ ಆಲ್ಪ್ಸ್‌ಗೆ ಹೋದವನು ಕೈಯಲ್ಲಿ ಥರ್ಮಾಮೀಟರ್ ಹಿಡಿದುಕೊಂಡಿದ್ದ, ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ಬೆಚ್ಚಗಿದೆಯೇ ಎಂದು ನೋಡಲು ಹೊರಟಿದ್ದ ಎಂದು ಕೆಲ್ವಿನ್ ಹೇಳಿದ ಕತೆಯಿದೆ. ಆತ ಜೋಗಕ್ಕೆ ಬಂದಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. 253 ಮೀಟರ್ ಬಿದ್ದ ನೀರು, ಗಾಳಿಗೆ ಏನೂ ಬಿಟ್ಟುಕೊಡದಿದ್ದರೆ, ಸುಮಾರು 0.6 ಡಿಗ್ರಿ ಬಿಸಿಯಾಗಬೇಕು. ತೊಟ್ಟಿಯ ನೀರನ್ನು 20ರಿಂದ 26ಕ್ಕೆ ಏರಿಸಲು ಹತ್ತು ಜೋಗಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಜಾಗದ ಅಭಾವ.

ಆದ್ದರಿಂದ ಜೋಗವನ್ನು ಕರೆಂಟಿನ ರೂಪದಲ್ಲಿ ಮನೆಗೆ ತರಿಸಿಕೊಳ್ಳುವುದೇ ಮಾರ್ಗ. ಆ ಎತ್ತರದಿಂದ ನೀರು ಬೀಳಿಸಿ, ಎಳ್ಳಷ್ಟೂ ನಷ್ಟವಿಲ್ಲದೆ ಒಂದು ಯೂನಿಟ್ ವಿದ್ಯುತ್ ತೆಗೆಯಬೇಕಾದರೆ 1,450 ಲೀಟರಿನಷ್ಟು ನೀರು ಬೇಕು. (ವಿದ್ಯುದಾಗಾರಗಳ ನಿಜವಾದ ಎತ್ತರ ಬೇರೆ, ಶಾಸ್ತ್ರದ ಅನುಕೂಲಕ್ಕೆ ಜೋಗವನ್ನೇ ಹಿಡಿದಿದೆ.) ಚಳಿಗಾಲದ ಒಂದು ರಾತ್ರಿಗೆ ಹೀಟರುಗಳು ಮೂರು ಯೂನಿಟ್ ನುಂಗಿದರೆ, 200 ಲೀಟರ್ ಕಡಲನ್ನು ಬೆಚ್ಚಗಿಡಲು ನಾಲ್ಕು ಸಾವಿರ ಲೀಟರಿಗೂ ಮೀರಿದ ಹೊಳೆ ಕೆಳಗೆ ಬೀಳಬೇಕು. 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿಯ ಅಡಿಯಲ್ಲಿ ಊರುಗಳು ಮುಳುಗಿದವು. ಎದ್ದುಹೋದವರ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಈ ಸಂಗತಿ ಕ್ಲೌನ್ ಮೀನಿನ ಸುಖಕ್ಕೆ ಅಪ್ರಸ್ತುತವಾದ್ದರಿಂದ ಮುಂದುವರಿಸುವುದಿಲ್ಲ.

ಮನೆಯೊಳಗಿನ ವಿಮರ್ಶೆಯನ್ನು ಮಾತ್ರ ದಾಖಲಿಸದೆ ಇರಲಾಗದು. ಬಚ್ಚಲಲ್ಲಿ ಹಂಡೆಯ ಒಲೆಗೆ ಅಡಿಕೆ ಸೋಗೆ ತುರುಕುತ್ತ ಗ್ರಂಥಕರ್ತನ ಅಮ್ಮ ಹೊಗೆಯ ನಡುವಿನಿಂದ ಕೇಳಿದ್ದು ಇಷ್ಟು: ‘ಅಲ್ದ ತಮಾ, ಯಂಗೆ ಮೀಯಲೆ ಗೀಸರ್ ಹಾಕಿರೆ ಕರೆಂಟ್ ಬಿಲ್ ಬತ್ತು ಅಂತೆ. ನಿನ್ನ ಮೀನು ಹಗಲೂ ರಾತ್ರೆ ಬಿಸ್ನೀರಲ್ಲೇ ಇರ್ತಲ!’ ಇದಕ್ಕೆ ಯಾವ ದರ್ಶನದಲ್ಲೂ ಉತ್ತರ ಸಿಕ್ಕಿಲ್ಲ.

ತೃತೀಯ ಕಲ್ಲೋಲ: ತಾಪನಿವಾರಣೆ

ಬೇಸಿಗೆಯಲ್ಲಿ ವೈರಿ ಹೊರಗಿನ ಬಿಸಿಲೊಂದೇ ಅಲ್ಲ. ನೀರು ತಿರುಗಿಸುವ ಪಂಪು, ಮೇಲಿನ ದೀಪ, ಎಲ್ಲವೂ ತಾವು ಕುಡಿದ ಕರೆಂಟನ್ನು ಕೊನೆಗೆ ಶಾಖವಾಗಿ ತೊಟ್ಟಿಗೇ ಕಕ್ಕುತ್ತವೆ. ತಂಪು ಮಾಡಲೆಂದು ಚಿಲ್ಲರ್ ತಂದರೆ ಅದು ನೀರಿನ ಬಿಸಿಯನ್ನು ಹೀರಿ ಹಜಾರಕ್ಕೆ ಊದುತ್ತದೆ. ಹಜಾರ ಕಾದು ಮತ್ತೆ ನೀರನ್ನು ಕಾಯಿಸುತ್ತದೆ. ಹೀಟರ್ 26ಕ್ಕೂ ಚಿಲ್ಲರ್ 25.5ಕ್ಕೂ ಹೊಂದಿಸಿದ್ದ ಒಂದು ಮನೆಯಲ್ಲಿ ಎರಡೂ ಹಗಲಿರುಳು ಹೋರಾಡಿ, ಬಿಲ್ಲು ಮಾತ್ರ ಗೆದ್ದಿತು.

ಫ್ಯಾನ್ ಪಂಥ ಹೆಚ್ಚು ಗೌರವಾರ್ಹ. ನೀರಿನ ಮೇಲ್ಮೈಗೆ ಗಾಳಿ ಹಾಯಿಸಿ ಒಂದು ಲೀಟರ್ ಆವಿಯಾಗಿಸಿದರೆ, ಅದು ಹೊತ್ತೊಯ್ಯುವ ಶಾಖ 200 ಲೀಟರ್ ತೊಟ್ಟಿಯನ್ನು ಸುಮಾರು 3 ಡಿಗ್ರಿ ಇಳಿಸುವಷ್ಟು. ಅದೇ ಒಂದು ಲೀಟರನ್ನು ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ತೇಲಿಬಿಟ್ಟರೆ ಇಳಿಯುವುದು ಅರ್ಧ ಡಿಗ್ರಿಯ ಆಚೆಈಚೆ. ಅಷ್ಟಕ್ಕೆ ತೃಪ್ತನಾಗದ ಯಜಮಾನ ನಾಲ್ಕು ಬಾಟಲಿ ಒಟ್ಟಿಗೆ ಇಳಿಸುತ್ತಾನೆ, ಮೀನು ತತ್ತರಿಸುತ್ತದೆ. ಹೋಗುವುದು ನೀರು, ಉಳಿಯುವುದು ಉಪ್ಪು ಎಂಬುದನ್ನು ಫ್ಯಾನ್ ಪಂಥದವರು ಮರೆಯಬಾರದು. ಆರಿದ ಜಾಗಕ್ಕೆ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ತುಂಬುತ್ತ ಹೋದರೆ ಮೇ ಕೊನೆಗೆ ತೊಟ್ಟಿ ಉಪ್ಪಿನಕಾಯಿ ಭರಣಿಯಾಗುತ್ತದೆ.

ನಿಷ್ಪಕ್ಷಪಾತವಾಗಿ ನೋಡಿದರೆ, ಸಾಗರ ಪೇಟೆಯಲ್ಲಿ ತಾಪಸ್ಥಿರತೆಯನ್ನು ನಿಜವಾಗಿ ಸಾಧಿಸಿದ ಕಡಲಮೀನು ಬಂಗುಡೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಐಸ್ ಪೂರ್ತಿ ಕರಗುವವರೆಗೂ ಅದು ಸೊನ್ನೆಯ ಆಸುಪಾಸಿನಿಂದ ಕದಲುವುದಿಲ್ಲ. ಹೀಟರ್, ಚಿಲ್ಲರ್, ಕಂಟ್ರೋಲರ್ ಒಂದೂ ಇಲ್ಲ. ಮೀನು ಸತ್ತಿರುವುದೊಂದೇ ಈ ವಿಧಾನದ ಕೊರತೆ.

ಮಳೆಗಾಲಕ್ಕೆ ಈ ಕಲ್ಲೋಲದಲ್ಲಿ ಹೆಚ್ಚು ಕೆಲಸವಿಲ್ಲ. ಆಗುಂಬೆ, ಹುಲಿಕಲ್ಲಿನ ನೆರೆಯವರಿಗೆ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗದು, ತೊಟ್ಟಿ ಒಣಗೀತೇ?

ಚತುರ್ಥ ಕಲ್ಲೋಲ: ವಿದ್ಯುಲ್ಲೋಪ

ಆ ಜುಲೈಯಲ್ಲೇ ತಂತಿಯ ಮೇಲೆ ಮರ ಬೀಳುತ್ತದೆ. ಕರೆಂಟು ಹೋದೊಡನೆ ಯಜಮಾನನ ಕೈ ಹೀಟರಿನ ಕಡೆ ಹೋಗುತ್ತದೆ, ಅದನ್ನು ಇನ್ವರ್ಟರಿಗೆ ಸಿಕ್ಕಿಸಲು. ಇದು ಅಶಾಸ್ತ್ರೀಯ. 200 ಲೀಟರ್ ನೀರು ಆರಲು ಗಂಟೆಗಟ್ಟಲೆ ಬೇಕು. ಉಸಿರು ಕಟ್ಟಲು ಅಷ್ಟು ಬೇಡ. 25 ಡಿಗ್ರಿಯ ಸಿಹಿನೀರು ಲೀಟರಿಗೆ 8 ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದುಕೊಂಡರೆ, ಕಡಲ ನೀರಿಗೆ ದಕ್ಕುವುದು 7ಕ್ಕೂ ಕಡಿಮೆ. ಬಿಸಿ ಏರಿದಷ್ಟೂ ಅದೂ ಇಳಿಯುತ್ತದೆ. ಆದ್ದರಿಂದ ಇನ್ವರ್ಟರ್ ಮೊದಲು ಪಂಪಿಗೆ ಸಲ್ಲತಕ್ಕದ್ದು. ಗ್ರಂಥಕರ್ತನ ಮನೆಯಲ್ಲಿ ಅದು ಅಮ್ಮನ ಧಾರಾವಾಹಿಗೆ ಸಲ್ಲುತ್ತದೆ.

ಹಾಗಾಗಿ ಪ್ರಾಚೀನ ವಿಧಾನಕ್ಕೆ ಮೊರೆ ಹೋಗಬೇಕಾಯಿತು. 1846ರಲ್ಲಿ ಆ್ಯನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಕಡಲತೀರದಿಂದ ಹವಳ ತಂದು ಲಂಡನ್ನಿನಲ್ಲಿ ಸಾಕಿದಳು. ತೆರೆದ ಕಿಟಕಿಯ ಮುಂದೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಅದಕ್ಕೆ ಗಾಳಿ ಬೆರೆಸುತ್ತಿದ್ದರು. ಆ ಕೆಲಸದ ಹೊರೆ ಮನೆಗೆಲಸದಾಕೆಯ ಪಾಲಿಗೂ ಬಂದಿತ್ತು. ಗ್ರಂಥಕರ್ತನೂ ಒಂದು ತಂಬಿಗೆ ಹಿಡಿದು ತೊಟ್ಟಿಯ ನೀರನ್ನು ಎತ್ತಿ ಎತ್ತಿ ಹೊಯ್ಯುತ್ತಿರುವಾಗ ಜಾಹೀರಾತಿನ ನಡುವೆ ಅಮ್ಮ ಇತ್ತ ತಿರುಗಿದಳು. ‘ಎಂತ, ಮೀನಿಗೆ ಕಾಪಿ ಆರ್ಸ್ತಾ ಇದ್ಯನ?’

ಧಾರಾವಾಹಿ ಮುಗಿದ ಮೇಲೆ ಪ್ಲಗ್ಗು ಪಂಪಿಗೆ ಬಂತು. ತಾಪದ ಪ್ರಶ್ನೆ ಉಳಿದಿತ್ತು. ಅದನ್ನು ಅಮ್ಮ ತನ್ನ ಕರಿ ಕಂಬಳಿಯಿಂದ ಬಗೆಹರಿಸಿದಳು. ಗಾಜಿನ ಮೂರು ಮಗ್ಗುಲಿಗೂ ಸುತ್ತಿ, ಮೇಲೆ ಅಂಗೈಯಗಲ ಜಾಗ ಬಿಟ್ಟು, ತುದಿಯನ್ನು ತೊಟ್ಟಿಯ ಅಡಿಗೆ ಸಿಕ್ಕಿಸಿದಳು. ಬೆಳಿಗ್ಗೆ ಥರ್ಮಾಮೀಟರ್ 25ರ ಹತ್ತಿರವೇ ನಿಂತಿತ್ತು. ಉಪಕರಣಗಳ ಪಟ್ಟಿಗೆ ‘ಕಂಬಳಿ, ಕರಿ, ಒಂದು’ ಎಂದು ಸೇರಿಸಲಾಯಿತು. ಆದರೆ ಅದರ ಒಡತಿ ರಾತ್ರಿಯಿಡೀ ಚಳಿಯಲ್ಲಿ ಮಲಗಿದ್ದರಿಂದ, ಹಿಂದೆ ಉತ್ತರ ಸಿಗದ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗಿ ಬಂತು.

ಪಟ್ಟಿಯ ಕೊನೆಯ ಉಪಕರಣ ಹೀಗಿದೆ. ಗೀಸರ್, 25 ಲೀಟರ್, ಬಚ್ಚಲ ಗೋಡೆಗೆ. ಇದಕ್ಕೂ ಥರ್ಮೋಸ್ಟಾಟ್ ಉಂಟು. ಮೀನು ಬಿಡತಕ್ಕದ್ದಲ್ಲ.